ನೂರಾ ನಾಲ್ಕು ಅಡಿ

ನಾಗರಿಕತೆಯ ಇತಿಹಾಸದಲ್ಲಿ ಅಳತೆಗೋಲು ಬದಲಾದ ಸಂದರ್ಭಗಳು ಬೆರಳೆಣಿಕೆಯಷ್ಟು. ಹಾಗೆ ಬದಲಾದಾಗಲೆಲ್ಲ ಸರ್ಕಾರಗಳು ಮುಂಚಿತವಾಗಿ ಪ್ರಕಟಣೆ ಹೊರಡಿಸಿವೆ, ವ್ಯಾಪಾರಿಗಳಿಗೆ ಕಾಲಾವಕಾಶ ಕೊಟ್ಟಿವೆ, ಶಾಲೆಯ ಮಕ್ಕಳಿಗೆ ಹೊಸ ಕೋಷ್ಟಕ ಬಾಯಿಪಾಠ ಮಾಡಿಸಿವೆ. ಆದರೆ ಆ ಮಂಗಳವಾರ ಬೆಳಿಗ್ಗೆ ಉದ್ದಜಿಗಿತದ ಕೋಚ್ ಹೊಸ ಶೂ ಹಾಕಿಕೊಂಡು ಮೈದಾನಕ್ಕೆ ಬಂದಾಗ ಯಾವ ಪ್ರಕಟಣೆಯೂ ಹೊರಡಲಿಲ್ಲ. ಶೂ ಬಿಳಿಯದು, ಅಡಿಯಲ್ಲಿ ದಪ್ಪನೆಯ ನೀಲಿ ಸ್ಪಂಜು. ಅಂಗಾಲು ನೋವಿಗೆ ಮೆತ್ತನೆಯದು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ, ಮಗಳು ಕೊಡಿಸಿದ್ದಳಂತೆ. ಹುಡುಗಿಯರು ಚೆನ್ನಾಗಿದೆ ಸರ್ ಎಂದರು. ಕೋಚ್ ಹೂಂ ಎಂದರು. ಸಮಾರಂಭ ಅಲ್ಲಿಗೆ ಮುಗಿಯಿತು.

ಇದರ ಗಾಂಭೀರ್ಯ ತಿಳಿಯಬೇಕಾದರೆ ಆ ಮೈದಾನದಲ್ಲಿ ಅಡಿ ಎಂದರೆ ಏನು ಎಂಬುದು ಗೊತ್ತಿರಬೇಕು. ಉದ್ದ ಜಿಗಿಯುವವರು ಒಂದು ಗುರುತಿನಿಂದ ಓಟ ಶುರುಮಾಡಿ, ಎಣಿಸಿಟ್ಟ ಹೆಜ್ಜೆಗಳಲ್ಲಿ ಓಡಿ, ಮರಳಗುಂಡಿಯ ಮುಂದಿರುವ ಬಿಳಿ ಹಲಗೆಯ ಮೇಲೆ ಕಾಲೂರಿ ಹಾರಬೇಕು. ಹಲಗೆ ದಾಟಿದರೆ ಕೆಂಪು ಬಾವುಟ, ಜಿಗಿತ ಲೆಕ್ಕಕ್ಕಿಲ್ಲ. ಹಲಗೆಗಿಂತ ಮೊದಲೇ ಹಾರಿದರೆ ಅಷ್ಟೂ ದೂರ ಪುಕ್ಕಟೆ ದಾನ, ಏಕೆಂದರೆ ಅಳೆಯುವುದು ಹಲಗೆಯಿಂದ. ಹಾಗಾಗಿ ಗುರುತು ಎಲ್ಲಿದೆ ಎನ್ನುವುದೇ ಅರ್ಧ ಜಿಗಿತ. ಬೇರೆ ಕಡೆ ಗುರುತನ್ನು ಟೇಪ್ ಹಿಡಿದು ಅಳೆಯುತ್ತಾರೆ, ಇಲ್ಲವೇ ಓಡುವವರ ಪಾದದಲ್ಲೇ ಅಳೆಯುತ್ತಾರೆ. ಕೋಚ್‌ಗೆ ಎರಡರಲ್ಲೂ ನಂಬಿಕೆಯಿರಲಿಲ್ಲ. ಟೇಪ್ ದರ್ಜಿಗಳಿಗೆ ಎನ್ನುತ್ತಿದ್ದರು. ಮಕ್ಕಳ ಪಾದದ ವಿಷಯಕ್ಕೆ ಬಂದರೆ ಅವರ ವಾದ ಇನ್ನೂ ಬಿಗಿ.

"ನಿಮ್ಮ ಕಾಲು ದಿನಾ ಬೆಳೀತಾ ಇರುತ್ತೆ. ನನ್ನದು ಬೆಳೆಯೋದು ನಿಲ್ಲಿಸಿ ನಲವತ್ತು ವರ್ಷ ಆಯ್ತು. ಭರವಸೆ ಇಡೋಂಥ ಕಾಲು ಅಂದ್ರೆ ಇದು."

ಹೀಗೆಂದು ಅವರು ಹಲಗೆಗೆ ಹಿಮ್ಮಡಿ ತಾಗಿಸಿ ನಿಂತು, ಒಂದು ಶೂವಿನ ತುದಿಗೆ ಇನ್ನೊಂದರ ಹಿಮ್ಮಡಿ ಜೋಡಿಸುತ್ತ, ತಂತಿಯ ಮೇಲೆ ನಡೆಯುವವರ ಏಕಾಗ್ರತೆಯಿಂದ ಹೊರಡುತ್ತಿದ್ದರು. ದಿನಾ ಬೆಳಿಗ್ಗೆ ಹೊಸದಾಗಿ ಅಳೆದು ಸುಣ್ಣದ ಗೆರೆ ಎಳೆಯುವುದು ಅವರ ಮಡಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇತ್ತು. ಬಾಣಳದ್ದು ನೂರಾ ನಾಲ್ಕು.

ಬಾಣ ಎಂದು ಹೆಸರಿಟ್ಟವರೂ ಕೋಚೇ. ಎರಡು ವರ್ಷದ ಹಿಂದೆ, ಅವಳಿಗೆ ಹದಿನೈದಾಗಿದ್ದಾಗ, ಅವಳ ಓಟ ನೋಡಿ ಇಟ್ಟದ್ದು. ಗುಂಡು ಎಸೆಯುವವಳನ್ನು ಕ್ರೇನ್ ಎಂದು ಕರೆಯುವ ಮನುಷ್ಯ ತನ್ನನ್ನು ಬಾಣ ಎಂದರಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಈ ವರ್ಷದ ಆಯ್ಕೆಯಲ್ಲಿ ಮೊದಲ ಎರಡು ಸ್ಥಾನಕ್ಕೆ ಬಂದವರಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ಕಾಲೇಜು, ಊಟ, ಒಳ್ಳೆಯ ಮೈದಾನ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಐದು ಮೀಟರ್ ಮೂವತ್ತರ ಆಸುಪಾಸು ಹಾರುವ ಹುಡುಗಿಗೆ ಅದು ಕೈಗೆಟುಕುವ ದೂರವೇ.

ಮಂಗಳವಾರದಿಂದ ಅವಳು ನಾಲ್ಕು ಮೀಟರ್ ಮೂವತ್ತು ಹಾರತೊಡಗಿದಳು.

ಓಟವೇನೋ ಎಂದಿನಂತೆಯೇ ಇತ್ತು. ಆದರೆ ಹದಿನಾರನೆಯ, ಅಂದರೆ ಕೊನೆಯ, ಹೆಜ್ಜೆ ಬಿದ್ದಾಗ ಹಲಗೆ ಇನ್ನೂ ಒಂದು ಗಜ ಆಚೆ ಕುಳಿತಿರುತ್ತಿತ್ತು. ಮೊದಲ ದಿನ ಕೋಚ್ ನಿದ್ದೆ ಸಾಲದು ಎಂದರು. ಎರಡನೆಯ ದಿನ ಫೋನು ಜಾಸ್ತಿಯಾಯಿತು ಎಂದರು. ವಾರ ಕಳೆಯುವಷ್ಟರಲ್ಲಿ ರೋಗ ಪತ್ತೆಯಾಗಿತ್ತು. ಭಯ. ಹಲಗೆ ಕಂಡರೆ ಭಯ ಬಿದ್ದು ಮೊದಲೇ ಹಾರುತ್ತಿದ್ದಾಳೆ. ಬಾಣ ಎಂಬ ಹೆಸರನ್ನು ಹಿಂದಕ್ಕೆ ಪಡೆದು ಬ್ರೇಕು ಎಂದು ಇಟ್ಟರು. ಕ್ರೇನ್ ಸಹ ಒಂದೆರಡು ಸಲ ಬಾಯಿ ತಪ್ಪಿ ಬ್ರೇಕು ಎಂದಳು, ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಗಾಯದ ಮೇಲೆ ಉಪ್ಪು ಸುರಿಯಲು ಅದೇ ವಾರ ಹೊಸ ಹುಡುಗಿಯೊಬ್ಬಳು ಸೇರಿದಳು. ಕಡ್ಡಿ ಕಾಲು, ಎರಡು ಜಡೆ. ಕೋಚ್ ಅವಳಿಗೆ ಮಿಡತೆ ಎಂದು ನಾಮಕರಣ ಮಾಡಿ, ಒಂದು ಬೆಳಿಗ್ಗೆಯೆಲ್ಲ ಓಡಿಸಿ ನೋಡಿ, ತೊಂಬತ್ತೆಂಟು ಅಡಿ ಎಂದು ತೀರ್ಮಾನಿಸಿದರು. ಮಿಡತೆ ಓಡಿದಳು, ಹಲಗೆಯ ನಟ್ಟನಡುವೆ ಕಾಲಿಟ್ಟಳು, ಹಾರಿದಳು. ಮರುದಿನವೂ ಹಾಗೆಯೇ. ಅದರ ಮರುದಿನವೂ.

"ನೋಡಮ್ಮಾ ಬ್ರೇಕು, ನೋಡು. ನೆನ್ನೆ ಮೊನ್ನೆ ಬಂದ ಮಗು. ಇದೇ ಕಾಲಲ್ಲಿ ಅಳೆದಿದ್ದು, ಇದೇ ಹಲಗೆ. ಅವಳಿಗೆ ಸಿಗುತ್ತೆ, ನಿನಗೆ ಯಾಕೆ ಸಿಗಲ್ಲ?"

ಪ್ರಶ್ನೆ ನ್ಯಾಯವಾಗಿತ್ತು. ಬಾಣ ಇನ್ನೂ ಜೋರಾಗಿ ಓಡಿದಳು, ಕೊನೆಯ ಎರಡು ಹೆಜ್ಜೆಗಳನ್ನು ಚರಂಡಿ ದಾಟುವವರ ಹಾಗೆ ಚಾಚಿದಳು. ಹಲಗೆ ಸಿಕ್ಕಿತು, ವೇಗ ಸತ್ತಿತು. ನಾಲ್ಕು ಮೀಟರ್ ಮೂವತ್ತೆಂಟು.

ಎರಡನೆಯ ವಾರದಲ್ಲಿ ಅವಳಿಗೆ ನಲ್ಲಿ ಕಣ್ಣಿಗೆ ಬಿತ್ತು. ಮೈದಾನದ ಬೇಲಿಯ ಪಕ್ಕ ಒಂದು ನಲ್ಲಿ ಇದೆ, ಸದಾ ತೊಟ್ಟಿಕ್ಕುತ್ತದೆ. ಎರಡು ವರ್ಷದಿಂದ ಗುರುತಿನ ಮೇಲೆ ನಿಂತಾಗ ಅದು ಅವಳ ಎಡಗೈಯ ನೇರಕ್ಕೆ ಇರುತ್ತಿತ್ತು. ಆ ತೊಟ್ಟಿನ ಸದ್ದಿಗೆ ಉಸಿರು ಹೊಂದಿಸಿಕೊಂಡೇ ಅವಳು ಓಟ ಶುರುಮಾಡುತ್ತಿದ್ದಳು. ಈಗ ನಲ್ಲಿ ಒಂದು ಹೆಜ್ಜೆ ಮುಂದಿತ್ತು. ನಲ್ಲಿಗಳು ನಡೆಯುವುದಿಲ್ಲ. ಹಾಗಾದರೆ ಕೋಚ್ ಎಣಿಕೆ ತಪ್ಪುತ್ತಿದ್ದಾರೆ ಎಂದು ಅವಳು ಮರುದಿನ ಅವರ ಜೊತೆ ಮನಸ್ಸಿನಲ್ಲೇ ಎಣಿಸಿದಳು. ನೂರಾ ಎರಡು, ನೂರಾ ಮೂರು, ನೂರಾ ನಾಲ್ಕು. ಒಂದಡಿಯೂ ಹೆಚ್ಚಿಲ್ಲ, ಒಂದಡಿಯೂ ಕಡಿಮೆಯಿಲ್ಲ.

ಭಾನುವಾರ ಯಾರೂ ಇಲ್ಲದಾಗ ಅಮ್ಮನ ಟೇಪ್ ತಂದಳು. ಅವಳಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಒಂದು ಇಸ್ತ್ರಿ ಮೇಜು, ಹೋಟೆಲಿನ ಕೆಲಸಗಾರರ ಸಮವಸ್ತ್ರದ ರಾಶಿ. ಆ ಟೇಪಿನಲ್ಲಿ ಅಡಿಗೆ ಹನ್ನೆರಡು ಅಂಗುಲದಂತೆ ನೂರಾ ನಾಲ್ಕು ಅಡಿ ಮಂಡಿಯೂರಿ ಅಳೆದಳು. ಹೊಸ ಗುರುತು ಕೋಚ್ ಹಾಕಿದ್ದಕ್ಕಿಂತ ಇನ್ನೂ ಅರ್ಧ ಮೀಟರ್ ಹಿಂದೆ ಬಿತ್ತು. ಅಲ್ಲಿಂದ ಓಡಿ ನೋಡಿದಳು. ನಾಲ್ಕು ಮೀಟರನ್ನೂ ಮುಟ್ಟಲಿಲ್ಲ. ಅಂದರೆ ಟೇಪ್ ಕೂಡ ಕೋಚ್ ಪಕ್ಷ. ಅಂದರೆ ನಿಜಕ್ಕೂ ತನ್ನ ಎದೆಯಲ್ಲೇ ಏನೋ ಕೆಟ್ಟಿದೆ. ಮರಳಿನಲ್ಲಿ ಕುಳಿತು ಅವಳು ತನಗೆ ಭಯವಾಗುತ್ತಿದೆಯೇ ಎಂದು ಪ್ರಾಮಾಣಿಕವಾಗಿ ಹುಡುಕಿಕೊಂಡಳು. ಸಿಕ್ಕಿದ್ದು ಸಿಟ್ಟು ಮಾತ್ರ.

ಸೋಮವಾರ ಧೈರ್ಯ ಮಾಡಿ, ಸರ್, ನನ್ನ ಗುರುತು ಮೊದಲು ನಲ್ಲಿಯ ನೇರಕ್ಕೆ ಬರುತ್ತಿತ್ತು ಎಂದಳು. ಕೋಚ್ ಸೀಟಿಯನ್ನು ಬಾಯಿಂದ ತೆಗೆದರು. ಅವರು ಸೀಟಿ ತೆಗೆದರೆ ಉಳಿದವರು ತಾವಾಗಿ ದೂರ ಹೋಗುತ್ತಿದ್ದರು.

"ನೀನು ಹಾರೋಕೆ ಬರ್ತೀಯೋ, ನೀರು ಹಿಡಿಯೋಕೆ ಬರ್ತೀಯೋ? ಇವತ್ತು ನಲ್ಲಿ. ನಾಳೆ ಏನು, ಮರಳು ಸರಿ ಇಲ್ಲ ಅಂತಲಾ? ತಗೋ, ಮರಳೇ ಸರಿ ಮಾಡು."

ಐದು ದಿನ ಅವಳು ಮರಳಗುಂಡಿ ಹದ ಮಾಡಿದಳು. ಮಿಡತೆ ಹಾರುತ್ತಿದ್ದಳು, ಇವಳು ಮಿಡತೆಯ ಕಾಲಗುರುತನ್ನು ಹಲ್ಲುಕೋಲಿನಿಂದ ಎಳೆದು ಅಳಿಸುತ್ತಿದ್ದಳು. ಮಿಡತೆ ಪಾಪದ ಹುಡುಗಿ, ಪ್ರತಿ ಸಲ ಸಾರಿ ಅಕ್ಕ ಎನ್ನುತ್ತಿದ್ದಳು. ಅದು ಇನ್ನೂ ಉರಿಯುತ್ತಿತ್ತು.

ಆಯ್ಕೆಯ ಅರ್ಜಿಗೆ ಕೋಚ್ ಸಹಿ ಬೇಕಿತ್ತು. ಮರಳು ಮುಗಿಸುವಷ್ಟರಲ್ಲಿ ಅವರು ಹೊರಟುಹೋಗಿರುತ್ತಿದ್ದರಿಂದ ಶನಿವಾರ ಅವಳು ಅವರ ಮನೆಗೇ ಹೋದಳು. ಕೋಚ್ ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಬಾಗಿಲು ತೆರೆದು ಒಳಗೆ ಕೂರಿಸಿದರು. ಗೋಡೆಯ ಒತ್ತಿಗೆ ಹೊಸ ಕಪಾಟು ನಿಂತಿತ್ತು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಪಾಟಿಗೂ ಪಕ್ಕದ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು. ಆ ಸಂದಿನಲ್ಲಿ ಪೊರಕೆ ನಿಲ್ಲಿಸಿದ್ದರು. ಹುಡುಗಿ ಅದನ್ನೇ ನೋಡುತ್ತಿದ್ದುದನ್ನು ಕಂಡು ಆಕೆ ನಿಟ್ಟುಸಿರು ಬಿಟ್ಟು ಎದುರಿಗೆ ಕುಳಿತರು.

ಗಂಡ ಮನೆಯಲ್ಲೂ ಕಾಲಿನಲ್ಲೇ ಅಳೆಯುತ್ತಾರಂತೆ. ಪರದೆ, ಚಾಪೆ, ಮಂಚ, ಎಲ್ಲವೂ ಅಡಿ. ಮದುವೆಯಾದ ಹೊಸದರಲ್ಲಿ ಎರಡು ಪರದೆ ನೆಲ ಗುಡಿಸಿದ ಮೇಲೆ, ಆಕೆ ಅವರ ಶೂವನ್ನು ಒಮ್ಮೆ ಟೇಪಿನಲ್ಲಿ ಅಳೆದು ಇಟ್ಟುಕೊಂಡಿದ್ದರು. ಇಪ್ಪತ್ತೊಂಬತ್ತು ಸೆಂಟಿಮೀಟರ್. ಅಂದಿನಿಂದ ಅವರು ಇಷ್ಟಡಿ ಎಂದರೆ ಈಕೆ ಗುಟ್ಟಾಗಿ ಇಪ್ಪತ್ತೊಂಬತ್ತರಿಂದ ಗುಣಿಸಿ ಬಡಗಿಗೆ ಹೇಳುವುದು. ಒಂದೇ ತಯಾರಿಯ, ಒಂದೇ ನಂಬರಿನ ಶೂವನ್ನೇ ಅವರು ಮತ್ತೆ ಮತ್ತೆ ಕೊಳ್ಳುತ್ತಿದ್ದರಿಂದ ಇಷ್ಟು ವರ್ಷ ಸಂಸಾರ ಸುಸೂತ್ರವಾಗಿ ನಡೆದಿತ್ತು.

"ಈ ಸಲ ಏಳಡಿ ಅಂದ್ರು. ಏಳಿಪ್ಪತ್ತೊಂಬತ್ಲಿ ಇನ್ನೂರಾ ಮೂರು ಅಂತ ಮಾಡಿಸ್ದೆ. ನೋಡಮ್ಮಾ, ಏಳು ಸೆಂಟಿಮೀಟರ್ ಸಂದು. ಆಮೇಲೆ ಹೊಳೀತು. ಆ ಬಿಳೀ ಶೂ ಮೂವತ್ತಿದೆ."

"ಸರ್‌ಗೆ ಹೇಳಿದ್ರಾ ಆಂಟಿ?"

"ಹೇಳ್ದೆ. ಗೋಡೆ ಸರಿದಿದೆ ಅಂದ್ರು."

ಬಾಣ ನಗಲಿಲ್ಲ. ಅವಳು ಗುಣಿಸುತ್ತಿದ್ದಳು. ಒಂದಡಿಗೆ ಒಂದು ಸೆಂಟಿಮೀಟರ್. ನೂರಾ ನಾಲ್ಕು ಅಡಿಗೆ ಒಂದು ಮೀಟರ್ ನಾಲ್ಕು. ಮಿಡತೆಯ ತೊಂಬತ್ತೆಂಟನ್ನು ಗೊತ್ತುಮಾಡಿದ್ದು ಹೊಸ ಶೂ ಬಂದ ಮೇಲೆ. ಅವಳ ಸಂಖ್ಯೆ ಹುಟ್ಟಿದ್ದೂ ದಿನಾ ಗೆರೆ ಬೀಳುವುದೂ ಒಂದೇ ಶೂವಿನಿಂದ, ಅದಕ್ಕೇ ಹಲಗೆ ಸಿಗುತ್ತದೆ. ಭಾನುವಾರದ ಟೇಪಿನ ಅಡಿಯಂತೂ ಮೂವತ್ತೂವರೆ ಸೆಂಟಿಮೀಟರ್. ಇನ್ನೂ ಹಿಂದೆ ಹೋಗದೆ ಏನು ಮಾಡೀತು. ಹಳೆಯ ಶೂ ಎಲ್ಲಿದೆ ಎಂದು ಕೇಳಿದಳು. ಹಿತ್ತಲಿನಲ್ಲಿತ್ತು, ಆಕೆ ಗಿಡಗಳಿಗೆ ನೀರು ಹಾಕುವಾಗ ಮೆಟ್ಟಿಕೊಳ್ಳಲು ಇಟ್ಟುಕೊಂಡಿದ್ದರು. ಆಕೆಯ ಟೇಪನ್ನೇ ಇಸಿದುಕೊಂಡು ಅಳೆದು ನೋಡಿದಳು. ಇಪ್ಪತ್ತೊಂಬತ್ತು. ನೂರಾ ನಾಲ್ಕರಿಂದ ಗುಣಿಸಿದರೆ ಮೂವತ್ತು ಮೀಟರ್ ಹದಿನಾರು. ಅವಳು ಎರಡು ವರ್ಷ ಓಡಿದ್ದು ಅಷ್ಟು ದೂರ.

ಅಷ್ಟರಲ್ಲಿ ಕೋಚ್ ತಲೆ ಒರೆಸಿಕೊಳ್ಳುತ್ತ ಬಂದು ಅರ್ಜಿಗೆ ಸಹಿ ಹಾಕಿದರು. ಸಹಿ ಹಾಕುವಾಗ, ಕಳಿಸಬೇಕಲ್ಲಾ ಅಂತ ಕಳಿಸ್ತಿದೀನಿ ಎಂದರು.

ಮನೆಗೆ ಬಂದು ಎಲ್ಲವನ್ನೂ ಅಮ್ಮನ ಮುಂದೆ ಹೇಳಿಕೊಂಡಳು. ನಾಳೆಯೇ ಹೋಗಿ ಶೂ ಎದುರಿಗಿಟ್ಟು ತೋರಿಸುತ್ತೇನೆ, ಎಲ್ಲರ ಎದುರಿಗೇ ತೋರಿಸುತ್ತೇನೆ ಎಂದಳು. ಅಮ್ಮ ಕಾಲರಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಚುಚ್ಚಿದರು, ಕೊನೆಯದು ಮುಗಿದ ಮೇಲೆ ಮಾತಾಡಿದರು.

"ಹೋದ ವರ್ಷದ ಅಂಗಿ ಬಿಗಿ ಆಗಿದೆ ಅಂತ ಜನ ಬರ್ತಾರಲ್ಲ, ನೀವು ದಪ್ಪ ಆಗಿದ್ದೀರಿ ಅಂತ ಯಾರಿಗಾದ್ರೂ ಹೇಳಿದ್ದೀನಾ ನಾನು? ಬಟ್ಟೆ ನೀರಿಗೆ ಬಿದ್ದು ಎಳ್ಕೊಂಡಿದೆ, ಬಿಚ್ಚಿ ಹೊಲಿದು ಕೊಡ್ತೀನಿ ಅಂತೀನಿ. ನಿನಗೆ ಬೇಕಾಗಿರೋದು ಗುರುತಾ, ಪಂಚಾಯ್ತಿಯಾ? ನನ್ನ ಹೆಜ್ಜೆ ಚಿಕ್ಕದಾಗಿದೆ ಸರ್, ಮೂರೂವರೆ ಅಡಿ ಕಡಿಮೆ ಮಾಡಿ ಅನ್ನು. ಮುಗೀತು."

"ನನ್ನ ಹೆಜ್ಜೆ ಚಿಕ್ಕದಾಗಿಲ್ಲ ಅಮ್ಮ."

"ನನ್ನ ಬಟ್ಟೆನೂ ಎಳ್ಕೊಂಡಿರಲ್ಲ ಕಣೇ."

ಆ ಮಾತನ್ನು ನುಂಗಲು ಬಾಣಳಿಗೆ ಎರಡು ದಿನ ಬೇಕಾಯಿತು. ತಪ್ಪು ಅವರದು, ಹೆಸರು ಕೆಟ್ಟಿದ್ದು ತನ್ನದು, ಈಗ ಸುಳ್ಳೂ ತಾನೇ ಹೇಳಬೇಕು. ಆದರೂ ಹಾಸ್ಟೆಲ್ ಸೀಟು ನೆನೆದು, ಮೂರನೆಯ ದಿನ ತಲೆ ತಗ್ಗಿಸಿ ನಿಂತು, ಅಮ್ಮ ಹೇಳಿಕೊಟ್ಟದ್ದನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಕೋಚ್ ಮುಖದಲ್ಲಿ ಮೂರು ವಾರಗಳಲ್ಲಿ ಮೊದಲ ಬಾರಿ ಸಮಾಧಾನ ಮೂಡಿತು. ಕೊನೆಗೂ ಒಪ್ಪಿಕೊಂಡಳು ಎನ್ನುವ ಸಮಾಧಾನ.

"ಹೆಜ್ಜೆ ಚಿಕ್ಕದಾಗಿದೆಯಾ? ಸರಿ. ಹಾಗಾದ್ರೆ ದೊಡ್ಡದು ಮಾಡು. ನೂರಾ ನಾಲ್ಕು ನೂರಾ ನಾಲ್ಕೇ."

ಅಮ್ಮನ ಇಪ್ಪತ್ತು ವರ್ಷದ ವ್ಯಾಪಾರದ ಜಾಣತನ ಹೀಗೆ ಒಂದು ವಾಕ್ಯದಲ್ಲಿ ದಿವಾಳಿಯಾಯಿತು. ಗಿರಾಕಿಗೆ ಅಂಗಿ ಹಿಡಿಸಬೇಕೆಂಬ ಆಸೆಯಾದರೂ ಇರುತ್ತದೆ. ಬಾಣ ಸುಳ್ಳು ಹೇಳಿದ ಅವಮಾನವನ್ನೂ ಹೊತ್ತು, ಗುರುತನ್ನೂ ಪಡೆಯದೆ ಓಟಕ್ಕೆ ನಿಂತಳು.

ಆಯ್ಕೆಯ ದಿನ ದೊಡ್ಡ ಮೈದಾನ. ಹದಿನೈದು ಹುಡುಗಿಯರು, ತಲಾ ಮೂರು ಜಿಗಿತ. ಓಟದ ದಾರಿಯ ಪಕ್ಕ ಉದ್ದಕ್ಕೂ ಅಧಿಕಾರಿಗಳು ಟೇಪ್ ಹಾಸಿದ್ದರು. ಎಲ್ಲ ಕೋಚ್‌ಗಳಿಗೂ ಹಗ್ಗದ ಆಚೆಗೇ ಜಾಗ, ಆದರೆ ಸ್ಪರ್ಧೆ ಶುರುವಾಗುವ ತನಕ ಒಳಗೆ ಬರಬಹುದಿತ್ತು. ನಮ್ಮ ಕೋಚ್ ಬಂದರು. ಹಾಸಿದ ಟೇಪಿನ ಪಕ್ಕದಲ್ಲೇ, ಅದರ ಕಡೆ ಕಣ್ಣೆತ್ತಿಯೂ ನೋಡದೆ, ಹಿಮ್ಮಡಿಗೆ ತುದಿ ಜೋಡಿಸುತ್ತ ನಡೆದರು. ಬೇರೆ ಮೈದಾನದ ಹುಡುಗಿಯರು ಮುಸಿಮುಸಿ ನಕ್ಕರು. ಇಲ್ಲಿ ಗುರುತಿಗೆ ಸುಣ್ಣದ ಬದಲು ಅಂಟುಪಟ್ಟಿ. ತೊಂಬತ್ತೆಂಟಕ್ಕೆ ಮಿಡತೆಯ ಗುರುತು, ನೂರಾ ನಾಲ್ಕಕ್ಕೆ ಬಾಣಳ ಗುರುತು. ಬಾಣ ಟೇಪ್ ಓದಿದಳು. ಮೂವತ್ತೊಂದು ಮೀಟರ್ ಇಪ್ಪತ್ತು.

ಮೊದಲ ಜಿಗಿತವನ್ನು ಅವಳು ಅಲ್ಲಿಂದಲೇ ಹಾರಿದಳು. ಎರಡು ವರ್ಷ ಹೇಳಿದ್ದಕ್ಕೆಲ್ಲ ಹೂಂ ಎಂದು ಅಭ್ಯಾಸವಾದ ಕಾಲುಗಳು ತಾವಾಗಿ ಅಲ್ಲಿ ಹೋಗಿ ನಿಂತವು. ನಾಲ್ಕು ಮೀಟರ್ ಮೂವತ್ತೊಂದು. ಹದಿನೈದರಲ್ಲಿ ಹದಿಮೂರನೆಯವಳು. ಹಗ್ಗದಾಚೆಯಿಂದ, ಬ್ರೇಕು, ಹೆದರಬೇಡ ಎಂಬ ಕೂಗು ಇಡೀ ಮೈದಾನಕ್ಕೆ ಕೇಳಿಸಿತು. ಬೇರೆ ಮೈದಾನದ ಹುಡುಗಿಯರು ತಿರುಗಿ ಯಾರು ಬ್ರೇಕು ಎಂದು ಹುಡುಕಿದರು.

ಅವಳು ಮರಳು ಕೊಡವಿಕೊಂಡು ನೇರವಾಗಿ ಹಗ್ಗದ ಹತ್ತಿರ ಹೋದಳು.

"ಸರ್, ನಿಮ್ಮ ಹೊಸ ಶೂ ಹಳೇದಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಇದೆ. ನೂರಾ ನಾಲ್ಕು ಅಡಿಗೆ ಒಂದು ಮೀಟರ್ ಆಗುತ್ತೆ. ನಾನು ಹೆದರ್ತಾ ಇಲ್ಲ. ಗುರುತು ಹಿಂದೆ ಹೋಗಿದೆ."

ಅಕ್ಕಪಕ್ಕದ ಕೋಚ್‌ಗಳು ಬೇರೆ ಕಡೆ ನೋಡುವವರಂತೆ ಮುಖ ತಿರುಗಿಸಿ ಕಿವಿಯನ್ನು ಇಲ್ಲೇ ಬಿಟ್ಟರು. ನಮ್ಮ ಕೋಚ್ ಕೆಂಪಾದರು.

"ಮೊದಲು ನಲ್ಲಿ ಅಂದೆ. ಆಮೇಲೆ ಹೆಜ್ಜೆ ಅಂದೆ. ಈಗ ನನ್ನ ಶೂ. ಆ ಗುರುತು ಮುಟ್ಟಿದ್ರೆ ಸೋಮವಾರದಿಂದ ಮೈದಾನಕ್ಕೆ ಬರಬೇಡ."

"ಸರಿ ಸರ್," ಎಂದಳು.

ಅವಳ ಬಾಯಿಂದ ಅವರು ಸಾವಿರ ಸಲ ಕೇಳಿದ್ದ ಮಾತದು, ಹಾಗಾಗಿ ಅವರಿಗೆ ನೆಮ್ಮದಿಯಾಯಿತು. ಅವಳು ಹೋಗಿ ಗುರುತನ್ನು ಮುಟ್ಟಿದಳು. ಮುಟ್ಟಿದ್ದಷ್ಟೇ ಅಲ್ಲ, ಕಿತ್ತು ತಂದು ಟೇಪಿನಲ್ಲಿ ಮೂವತ್ತು ಮೀಟರ್ ಹದಿನಾರಕ್ಕೆ ಅಂಟಿಸಿದಳು.

ಎರಡನೆಯ ಜಿಗಿತಕ್ಕೆ ಕೆಂಪು ಬಾವುಟ. ಐದು ವಾರ ಕೊನೆಯ ಹೆಜ್ಜೆಗಳನ್ನು ಚಾಚಿ ಚಾಚಿ ಕಲಿತ ಕೆಟ್ಟ ಚಾಳಿ. ಹಲಗೆ ದಾಟಿ ಎರಡು ಬೆರಳು ಆಚೆ ಕಾಲು ಬಿದ್ದಿತ್ತು. ಸರಿಯಾದ ಗುರುತು ಸಿಗುವ ಹೊತ್ತಿಗೆ ಕಾಲು ತಪ್ಪು ಗುರುತಿಗೆ ಒಗ್ಗಿಕೊಂಡಿತ್ತು. ಅವಳಿಗೆ ಅಳು ಬರುವಷ್ಟು ರೇಗಿತು. ಹಗ್ಗದಾಚೆ ಕೋಚ್ ಎರಡೂ ಕೈ ಆಕಾಶಕ್ಕೆ ಎತ್ತಿ ಪಕ್ಕದವರಿಗೆ ಏನೋ ಹೇಳುತ್ತಿದ್ದರು, ನೋಡಿದಿರಾ ಎನ್ನುವ ಹಾಗೆ. ಮಿಡತೆ ಅಷ್ಟರಲ್ಲಿ ನಾಲ್ಕು ಮೀಟರ್ ತೊಂಬತ್ತು ಹಾರಿ ಮೂರನೆಯ ಜಾಗದಲ್ಲಿದ್ದಳು.

ಮೂರನೆಯದಕ್ಕೆ ನಿಂತಾಗ ಗುರುತನ್ನು ಎರಡು ಬೆರಳು ಹಿಂದೆ ಸರಿಸಲೇ ಎಂದು ಯೋಚಿಸಿದಳು. ಸರಿಸಲಿಲ್ಲ. ತಪ್ಪಿಗೆ ತಕ್ಕಂತೆ ಅಳತೆ ತಿದ್ದುತ್ತ ಹೋದರೆ ತಾನೂ ಗೋಡೆ ಸರಿದಿದೆ ಎನ್ನಬೇಕಾದೀತು. ಹಲಗೆಯ ಕಡೆ ನೋಡದೆ, ಚಾಚದೆ, ಹದಿನಾರು ಹೆಜ್ಜೆಗಳನ್ನು ಹೊಸ ಶೂ ಬರುವ ಮುಂಚೆ ಓಡುತ್ತಿದ್ದ ಹಾಗೆ ಓಡಿದಳು. ಕಾಲಿನ ಕೆಳಗೆ ಮರದ ಟಕ್ ಎಂಬ ಸದ್ದು ಕೇಳಿಸಿತು. ಬಿಳಿ ಬಾವುಟ. ಐದು ಮೀಟರ್ ಇಪ್ಪತ್ತೊಂದು.

ಅವಳು ಹಗ್ಗ ದಾಟಿ ಚೀಲ ತೆಗೆದುಕೊಳ್ಳಲು ಬರುವಷ್ಟರಲ್ಲಿ ಕೋಚ್ ಪಕ್ಕದ ಕೋಚ್‌ಗಳಿಗೆ ಪಾಠ ಹೇಳುತ್ತಿದ್ದರು. ಈ ಹುಡುಗಿಯ ಮರ್ಮ ತನಗೊಬ್ಬನಿಗೇ ಗೊತ್ತಂತೆ. ಮುದ್ದು ಮಾಡಿದರೆ ಕಾಲು ಬರುವುದಿಲ್ಲವಂತೆ, ರೇಗಿಸಬೇಕಂತೆ. ಬರಬೇಡ ಅಂದೆ, ನೋಡಿ ಹೇಗೆ ಹಾರಿದಳು. ಆ ಕೋಚ್‌ಗಳಲ್ಲಿ ಒಬ್ಬ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡ.

"ಸರ್, ಗುರುತು ಮುಂದೆ ಇಟ್ಟೆ, ಅದಕ್ಕೆ," ಎಂದಳು ಬಾಣ.

ಕೋಚ್ ಬಗ್ಗಿ ತಮ್ಮ ಶೂ ನೋಡಿಕೊಂಡರು. ಒಂದು ಕ್ಷಣ ಏನೋ ಲೆಕ್ಕ ಹಾಕಿದಂತೆ ಕಂಡಿತು. ಆಮೇಲೆ ನೆಟ್ಟಗಾದರು.

"ಶೂ ಚೆನ್ನಾಗಿದೆ ಕಣಮ್ಮಾ. ನೋವು ಎಷ್ಟೋ ಕಡಿಮೆಯಾಗಿದೆ," ಎಂದರು.

ಸಂಜೆ ಪಟ್ಟಿ ಹಾಕಿದರು. ಅವಳ ಹೆಸರು ಎರಡನೆಯದು, ಮಿಡತೆಯದು ನಾಲ್ಕನೆಯದು. ಹಾಸ್ಟೆಲ್ ತೆರೆಯಲು ಇನ್ನೂ ಎರಡು ತಿಂಗಳಿತ್ತು. ಸೋಮವಾರ ಅವಳು ಮೈದಾನಕ್ಕೆ ಹೋದಳು, ಯಾರೂ ಬರಬೇಡ ಎನ್ನಲಿಲ್ಲ. ಕೋಚ್ ನೂರಾ ನಾಲ್ಕು ಅಡಿ ಅಳೆದು ಗೆರೆ ಎಳೆದರು. ಅವಳು ಅದಕ್ಕಿಂತ ಒಂದು ಮೀಟರ್ ಮುಂದೆ ನಿಂತು ಓಡಿದಳು. ಆ ಎರಡು ತಿಂಗಳು ಇಬ್ಬರೂ ಆ ವಿಷಯ ಎತ್ತಲಿಲ್ಲ.